ಕ್ಲೀನರ್ ಸೀಟು

ಆ ಮನೆಯ ಊಟದ ಮೇಜನ್ನು ಸೈನ್ಯ ಹಿಡಿದುಕೊಂಡು ಮೂರು ವಾರ ಆಗಿತ್ತು. ಒಂಬತ್ತು ಲಾರಿ, ಮೂರು ಟ್ಯಾಂಕು, ಎರಡು ಉಕ್ಕಿನ ಕವಚದ ಕಾರು, ಒಟ್ಟು ಹದಿನಾಲ್ಕು ಗಾಡಿ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಒಂದು ಬೆರಳು ಉದ್ದ, ಅಷ್ಟೇ. ಇಷ್ಟು ಪುಟ್ಟ ಸೈನ್ಯಕ್ಕೆ ಆರು ಜನ ಕೂರುವ ಮೇಜೇ ಬೇಕಾಯಿತಲ್ಲ ಎಂಬುದು ಲಾಂಡ್ರಿಯಮ್ಮನ ತಕರಾರು. ಮನೆಯಲ್ಲಿದ್ದದ್ದು ನಾಲ್ಕೇ ಜನ; ನಾಲ್ವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಯಜಮಾನರ ಪ್ಯಾಂಟಿನ ಮೇಲೆ ದಿನಕ್ಕೊಂದು ಹೊಸ ಕಲೆ ಬೀಳುತ್ತಿತ್ತು.

ಲಾಂಡ್ರಿಯಮ್ಮ ಅಂದರೆ ಮನೆಯ ಹಿರಿಯಾಕೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತಳಾದವಳು. ರಸ್ತೆಯವರೆಲ್ಲ ಹಾಗೆ ಕರೆದು ಕರೆದು, ಈಗ ಮನೆಯವರ ಬಾಯಲ್ಲೂ ಅದೇ. ಕಲೆಯ ಮುಖ ನೋಡಿದರೆ ಸಾಕು, ಅದರ ಹಿಂದುಮುಂದೆಲ್ಲ ಹೇಳುತ್ತಿದ್ದಳು. ಇದು ಚಹಾ, ಇದು ಅಯೋಡಿನ್, ಇದು ತುಕ್ಕು, ಇದು ತುಕ್ಕಿನ ಹಾಗೆ ಕಾಣುವ ಹಳೆಯ ರಕ್ತ. ಯಾವುದು ತಣ್ಣೀರಿಗೆ ಹೋಗುತ್ತದೆ, ಯಾವುದು ಬಿಸಿನೀರಿಗೆ ಹಾಕಿದರೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಮೇಜು ಹಿಡಿದುಕೊಂಡವಳು ಸೊಸೆ. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಎರಡು ವರ್ಷದ ಕೆಳಗೆ ಒಬ್ಬ ನಿವೃತ್ತ ಚರಿತ್ರೆ ಮೇಷ್ಟ್ರು ತಮ್ಮ ಕಟ್ಟುಹಲ್ಲು ಸರಿಮಾಡಿಸಲು ಬಂದವರು, ಅವಳ ಕೈಚಳಕ ನೋಡಿ ಜೇಬಿನಿಂದ ಪುಟ್ಟ ಆಟದ ಲಾರಿಯೊಂದನ್ನೂ ಅದರಿಂದ ಕಳಚಿದ ಕಡಲೆಕಾಳಿನಷ್ಟು ಚಕ್ರವನ್ನೂ ತೆಗೆದು, ಇದನ್ನೂ ಕೂರಿಸಿಕೊಡುತ್ತೀಯಾ ಎಂದು ಕೇಳಿದ್ದರು. ಅಲ್ಲಿಂದ ಶುರು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಮೇಷ್ಟ್ರದೊಂದು ಕ್ಲಬ್ಬು. ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರಿ, ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಎಲ್ಲ ಕಟ್ಟಿ, ಎಂದೋ ನಡೆದ ಯುದ್ಧವನ್ನು ಅಳತೆಟೇಪು ಮತ್ತು ದಾಳ ಹಿಡಿದು ಮತ್ತೆ ಆಡುತ್ತಿದ್ದರು. ಹೆಂಗಸು ಅಂತ ಅಲ್ಲಿದ್ದವಳು ಸೊಸೆಯೊಬ್ಬಳೇ, ಅದೂ ಇದುವರೆಗೆ ಬೇರೆಯವರ ಗಾಡಿಗಳನ್ನು ಎರವಲು ಪಡೆದು ಆಡುತ್ತಿದ್ದಳು.

ಈ ವರ್ಷದ ದೊಡ್ಡ ಆಟಕ್ಕೆ ಮೇಷ್ಟ್ರು ಆರಿಸಿದ್ದು ಪರದೇಶದಲ್ಲಿ ಶತ್ರು ಸುತ್ತುವರಿದ ಒಂದು ಊರು. ಕೆಸರಿನ ದಾರಿಯಲ್ಲಿ ಆ ಊರಿಗೆ ಬ್ರೆಡ್ಡು, ಡೀಸೆಲ್ಲು ತಲುಪಿಸಬೇಕಾದ ಹದಿನಾಲ್ಕು ಗಾಡಿಗಳ ಸಾಲನ್ನು ಮಾಡಿಕೊಂಡು ಬರುವುದೂ ನಡೆಸುವುದೂ ಸೊಸೆಯ ಪಾಲಿಗೆ ಬಂದಿತ್ತು. ಕ್ಲಬ್ಬಿನ ನಿಯಮ ಕಟ್ಟುನಿಟ್ಟು: ಆಟಕ್ಕೆ ಮುಂಚೆ ಮೇಷ್ಟ್ರು ಭೂತಗನ್ನಡಿ ಹಿಡಿದು ಒಂದೊಂದು ಗಾಡಿಯನ್ನೂ ನೋಡುತ್ತಾರೆ. ಬಣ್ಣ ಅರೆಬರೆಯಾಗಿದ್ದರೆ, ಇಲ್ಲವೇ ಏನಾದರೂ ತಪ್ಪಾಗಿದ್ದರೆ, ಆ ಗಾಡಿ ಮೇಜಿನಿಂದ ಆಚೆ. ಮೊದಲ ಲಾರಿಯೇ ಆಚೆ ಹೋದರೆ ಸಾಲೇ ಹೊರಡುವಂತಿಲ್ಲ.

ಇದನ್ನೆಲ್ಲ ಸೊಸೆ ಎಷ್ಟು ಸಲ ಹೇಳಿದರೂ ಲಾಂಡ್ರಿಯಮ್ಮನಿಗೆ ಕಾಣುತ್ತಿದ್ದದ್ದು ಮೇಜು ಮಾತ್ರ.

"ಆಟದ ಸಾಮಾನಿಗೆ ಮೇಜು, ಮನುಷ್ಯರಿಗೆ ತೊಡೆ," ಅಂದಳು ಒಂದು ದಿನ, ಮೊಟ್ಟೆ ಬಡಿಸುತ್ತ.

"ಇನ್ನು ಎರಡೇ ವಾರ ಅತ್ತೆ."

"ಹೋದ ವಾರವೂ ಎರಡೇ ವಾರ ಅಂದಿದ್ದೆ. ನಿನ್ನ ಕ್ಯಾಲೆಂಡರಿಗೆ ಕಾಲೇ ಇಲ್ಲ."

ಮಗ ಲಿಫ್ಟ್ ಮೆಕ್ಯಾನಿಕ್ಕು. ಅಮ್ಮನ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ, "ಮೇಲೆ ಕೆಳಗೆ ಓಡಾಡೋದು ನನ್ನ ಕೆಲಸ. ಎರಡು ಮಹಡಿ ನಡುವೆ ಸಿಕ್ಕಿಹಾಕಿಕೊಳ್ಳೋದಲ್ಲ," ಅಂತ ತಟ್ಟೆ ಹಿಡಿದು ಬಾಲ್ಕನಿಗೆ ಎದ್ದುಹೋದ. ಯಜಮಾನರು ಮೂವತ್ನಾಲ್ಕು ವರ್ಷ ಲಾರಿ ಓಡಿಸಿದವರು, ಇಂಜಿನ್ನಿನ ಸದ್ದಿಗೆ ಕಿವಿ ಮಂದವಾಗಿತ್ತು. ಜಗಳ ಶುರುವಾದರೆ ಇನ್ನಷ್ಟು ಮಂದವಾಗುತ್ತಿತ್ತು.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಲಾಂಡ್ರಿಯಮ್ಮ, ಒಂದು ದಿನ ಇದನ್ನೆಲ್ಲ ಬಾಚಿ ಕಸದ ಡಬ್ಬಿಗೆ ಸುರಿಯುತ್ತೇನೆ ಅಂದುಬಿಟ್ಟಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮರುದಿನ ಬೆಳಿಗ್ಗೆ ಲಾಂಡ್ರಿಯಮ್ಮ, ಕಣ್ಣಿನ ಆಪರೇಷನ್ ಆಗಿದ್ದ ತಂಗಿಯನ್ನು ನೋಡಿಕೊಳ್ಳಲು ಹತ್ತು ದಿನದ ಮಟ್ಟಿಗೆ ಹೊರಟಳು. ಹೊರಡುವಾಗ ಮೇಜಿನ ಕಡೆ ಕಣ್ಣು ಹೋಯಿತು. ಗಾಡಿಗಳಿಗೆಲ್ಲ ಹಸಿರು ಬಣ್ಣ ಬಿದ್ದಿತ್ತು. ಬಾಗಿಲಿನ ಹಿಡಿಕೆ, ದೀಪ, ಹಿಂದುಗಡೆಯ ಕೊಂಡಿ, ಒಂದೂ ಬಿಟ್ಟಿರಲಿಲ್ಲ. ಚೆನ್ನಾಗಿದೆ ಅಂತ ಅನಿಸಿತು, ಆದರೆ ಹೇಳಲು ಬಿಗುಮಾನ.

ತಂಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಕ್ಕನಿಗೆ ಬುದ್ಧಿ ಹೇಳಿದಳು. ದುಡಿದು ಬರುವ ಹುಡುಗಿ, ಕುಡಿಯುತ್ತಾಳಾ, ಇಸ್ಪೀಟು ಆಡುತ್ತಾಳಾ, ಒಂದು ಮೇಜು ತಾನೇ ಅಂತ. ಹತ್ತು ದಿನ ಇದನ್ನೇ ಕೇಳಿ ಲಾಂಡ್ರಿಯಮ್ಮನ ಮನಸ್ಸು ಮೆತ್ತಗಾಯಿತು. ಸೋಮವಾರ ಮಧ್ಯಾಹ್ನ ಮನೆಗೆ ಬರುವಾಗ, ಇನ್ನು ಜಗಳ ಬೇಡ, ಹುಡುಗಿಗೆ ಖುಷಿಯಾಗುವಂಥದ್ದು ಏನಾದರೂ ಮಾಡಬೇಕು ಅಂತ ಗಟ್ಟಿಮನಸ್ಸು ಮಾಡಿಕೊಂಡೇ ಬಂದಳು.

ಬಂದು ನೋಡಿದರೆ ಹದಿನಾಲ್ಕು ಗಾಡಿಗೂ ಮಣ್ಣು. ಚಕ್ರಕ್ಕೆ, ಬಾಗಿಲಿಗೆ, ಮೂತಿಗೆ, ಎಲ್ಲೆಲ್ಲೂ ಕಂದು ಮಣ್ಣು.

"ಇದೇನ್ರೀ ಹೀಗಾಗಿದೆ?" ಅಂತ ಗಂಡನನ್ನು ಕೇಳಿದಳು.

"ಮಣ್ಣಾಗಿದೆ," ಅಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಲಾಂಡ್ರಿಯಮ್ಮ ಅರ್ಥ ಮಾಡಿಕೊಂಡದ್ದು ಬೇರೆ. ಬಾಲ್ಕನಿಯ ಹೂಕುಂಡದಲ್ಲೋ ಎಲ್ಲೋ ಬಿದ್ದಿರಬೇಕು; ಪಾಪ, ಹುಡುಗಿ ತಿಂಗಳಿಡೀ ಕೂತು ಬಳಿದ ಬಣ್ಣ, ಲ್ಯಾಬಿನ ಕೆಲಸದಲ್ಲಿ ತೊಳೆಯಲು ಪುರುಸೊತ್ತಾಗಿಲ್ಲ. ಅವಳಿಗೆ ಒಳಗೊಳಗೇ ಸಂತೋಷವೂ ಆಯಿತು. ಖುಷಿಪಡಿಸಲು ದಾರಿ ಹುಡುಕುತ್ತಿದ್ದವಳಿಗೆ, ತನಗೆ ಗೊತ್ತಿರುವ ಕೆಲಸವೇ ಎದುರಿಗೆ ಬಂದು ನಿಂತಿತ್ತು.

ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಉಗುರುಬೆಚ್ಚಗಿನ ನೀರು, ಒಂದೇ ಹನಿ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು. ಕೆಳಗಿನ ಬಣ್ಣ ಏಳದ ಹಾಗೆ, ಮಣ್ಣು ಒಂದು ಕಣವೂ ಉಳಿಯದ ಹಾಗೆ, ಎರಡೂವರೆ ಗಂಟೆ. ಹದಿನಾಲ್ಕನ್ನೂ ಟವಲಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಅಂಗಡಿಯಿಂದ ಆಗ ತಾನೇ ಬಂದ ಹಾಗೆ ಹೊಳೆಯುತ್ತಿದ್ದವು. ಇಸ್ತ್ರಿಯಾದ ಬೆಡ್‌ಶೀಟುಗಳ ಅಟ್ಟಿಯನ್ನು ನೋಡುತ್ತಿದ್ದ ಹಾಗೆ ನಿಂತು ನೋಡಿದಳು. ಚಹಾಕ್ಕೆ ನೀರಿಟ್ಟು, ಬಾಗಿಲ ಕಡೆ ಕಿವಿಕೊಟ್ಟು ಕೂತಳು.

ಸೊಸೆ ಆರು ಗಂಟೆಗೆ ಬಂದಳು. ಚಪ್ಪಲಿ ಬಿಟ್ಟಳು, ಮೇಜು ನೋಡಿದಳು, ಅಲ್ಲೇ ನಿಂತಳು.

"ಅತ್ತೆ, ಮಣ್ಣು ಎಲ್ಲಿ?"

"ಎಲ್ಲಾ ಹೋಯ್ತು ಬಿಡು. ಒಂದು ಚೂರೂ ಉಳಿಸಿಲ್ಲ."

ಸೊಸೆ ಕುರ್ಚಿ ಎಳೆದು ಕೂತಳು. "ಅದು ನಾನೇ ಹಚ್ಚಿದ್ದು."

"ಏನನ್ನ?"

"ಮಣ್ಣನ್ನ. ಒಂಬತ್ತು ದಿನ ಕೂತು. ಕೆಸರು ದಾರಿಲಿ ಬಂದ ಗಾಡಿಗಳು ಅತ್ತೆ ಅವು. ಶನಿವಾರ ಮೇಲೆ ವಾರ್ನಿಷ್ ಹೊಡೆದು ಕೂರಿಸೋಣ ಅಂತಿದ್ದೆ."

ಲಾಂಡ್ರಿಯಮ್ಮನಿಗೆ ಮೊದಲು ನಗು ಬಂತು. ಕೊಳೆ ಹಚ್ಚುವ ಕೆಲಸವೂ ಒಂದುಂಟೇ? ಆಮೇಲೆ ಸೊಸೆಯ ಮುಖ ನೋಡಿದಳು, ನಗು ಅಲ್ಲೇ ನಿಂತಿತು. ಬೈದಿದ್ದರೆ ಎದುರಾಡಬಹುದಿತ್ತು. ಸೊಸೆ ಬೈಯಲಿಲ್ಲ. ನಿಮಗೆ ಗೊತ್ತಿರಲಿಲ್ಲ ಬಿಡಿ ಅಂದು, ಒಂದು ಲಾರಿಯನ್ನು ಎತ್ತಿ ಕೆಳಗೆ ಮೇಲೆ ನೋಡಿ, ಎಷ್ಟು ನೀಟಾಗಿ ತೊಳೆದಿದ್ದೀರಿ ಅಂದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಉಪ್ಪು ತರಲು ಹೋಗಿ ಸಕ್ಕರೆಯನ್ನೂ ಚೆಲ್ಲಿಕೊಂಡು ಬಂದ ಹಾಗಾಯಿತಲ್ಲ ಅಂತ ಅವಳಿಗೆ ನಾಚಿಕೆಯಾಗಿ, ಮಾಡಿದ ಚಹಾ ತಾನೇ ಕುಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಸೊಸೆಯ ಮಾತು ಕೇಳಿಸಿತು. ಮೇಷ್ಟ್ರೊಂದಿಗೆ ಫೋನು. ಗಾಡಿಗಳು ತಯಾರಿಲ್ಲ, ಸಾಲನ್ನು ಬೇರೆ ಯಾರಿಗಾದರೂ ಕೊಡಿ ಅನ್ನುತ್ತಿದ್ದಳು. ಅತ್ತೆಯ ಹೆಸರೆತ್ತಲಿಲ್ಲ, ತನಗೇ ಆಗಲಿಲ್ಲ ಅಂದಳು.

ಲಾಂಡ್ರಿಯಮ್ಮ ಬಾಗಿಲಲ್ಲಿ ಹೋಗಿ ನಿಂತಳು. "ಫೋನ್ ಇಡು. ಆಮೇಲೆ ಮಾಡ್ತೀನಿ ಅಂತ ಹೇಳಿ ಇಡು."

ಸೊಸೆ ಇಟ್ಟಳು.

"ತೆಗೆದವಳು ನಾನು. ಹಾಕೋಳೂ ನಾನೇ. ಭಾನುವಾರಕ್ಕೆ ಇನ್ನೂ ದಿನ ಇದೆ."

"ಕೊಳೆ ಹಾಕೋದು ಅಷ್ಟು ಸುಲಭ ಅಲ್ಲ ಅತ್ತೆ."

"ಇಪ್ಪತ್ತೊಂಬತ್ತು ವರ್ಷ ಕೊಳೆಯ ಮುಖಾನೇ ನೋಡಿದವಳಿಗೆ ಹೇಳ್ತೀಯಾ? ಮೊದಲು ಹೇಗಿತ್ತು, ಫೋಟೋ ಇದೆಯಾ, ತೋರಿಸು."

ಫೋಟೋ ಇತ್ತು. ಲಾಂಡ್ರಿಯಮ್ಮ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮಧ್ಯಾಹ್ನ ಅವಸರದಲ್ಲಿ ತೊಳೆದವಳು ಆ ಮಣ್ಣನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಇದು ಕೊಳೆ ಅಲ್ಲ ಕಣಮ್ಮ, ಬಣ್ಣ. ಕೊಳೆ ಹೀಗೆ ಎಲ್ಲಾ ಕಡೆ ಸಮನಾಗಿ ಕೂರಲ್ಲ. ಅದಕ್ಕೂ ಒಂದು ದಾರಿ ಇದೆ. ಚಕ್ರದ ಹಿಂದೆ ಚಿಮ್ಮುತ್ತೆ, ಮೇಲೆ ಬರೀ ಧೂಳಾಗಿ ಕೂರುತ್ತೆ, ಕೈ ತಾಗೋ ಕಡೆ ನಿಲ್ಲೋದೇ ಇಲ್ಲ. ನಿಮ್ಮ ಮಾವನ ಅಂಗಿ ಒಗೆದಿದ್ದೀನಲ್ಲ, ಯಾವ ರಸ್ತೇಲಿ ಬಂದ್ರು ಅಂತ ಕಾಲರ್ ನೋಡಿ ಹೇಳ್ತಿದ್ದೆ."

ಅದುವರೆಗೆ ಪೇಪರಿನ ಹಿಂದಿದ್ದ ಯಜಮಾನರ ಕಿವಿ ಇದ್ದಕ್ಕಿದ್ದ ಹಾಗೆ ನೆಟ್ಟಗಾಯಿತು. ಎದ್ದು ಬಂದು ಒಂದು ಲಾರಿಯನ್ನು ಅಂಗೈ ಮೇಲೆ ಇಟ್ಟುಕೊಂಡರು. "ಡೀಸೆಲ್ ಟ್ಯಾಂಕಿನ ಮುಚ್ಚಳ ಇಲ್ಲಿದೆ. ಇಲ್ಲಿಂದ ಕೆಳಕ್ಕೆ ಕಪ್ಪಗೆ ಸೋರಿರಬೇಕು. ಯಾವ ಡ್ರೈವರೂ ಚೆಲ್ಲದೆ ತುಂಬಿಸಲ್ಲ. ಹತ್ತೋ ಮೆಟ್ಟಿಲು ಸವೆದು ಬೆಳ್ಳಗಾಗಿರಬೇಕು," ಅಂದರು. ಅವರು ಒಟ್ಟಿಗೆ ಇಷ್ಟು ಮಾತಾಡಿ ವರ್ಷಗಳಾಗಿದ್ದವು.

ಆಮೇಲಿನ ಐದು ದಿನ ಆ ಮನೆಯಲ್ಲಿ ನಡೆದದ್ದನ್ನು ಕೆಲಸ ಅನ್ನಬೇಕೋ ಸಂಭ್ರಮ ಅನ್ನಬೇಕೋ. ಸೊಸೆ ಲ್ಯಾಬಿನಿಂದ ಬಂದವಳು ಕೈಕಾಲು ತೊಳೆದು ನೇರ ಮೇಜಿಗೆ. ಮಾವನವರು ದಾರಿ ಹೇಳುತ್ತಿದ್ದರು: ಈ ಲಾರಿ ಮುಂದೆ ಹೋಗಿದೆ, ಇದಕ್ಕೆ ಕೆಸರು ಕಮ್ಮಿ, ಇದು ಹಿಂದೆ ಬಂದದ್ದು, ಮುಂದಿನದು ಎರಚಿದ್ದೆಲ್ಲ ಇದರ ಮೂತಿಗೆ. ಅತ್ತೆ ಬಣ್ಣದ ಪುಡಿ ಬೆರೆಸುತ್ತಿದ್ದಳು. ಒಣಗಿದ ಮಣ್ಣಿಗೊಂದು ಕಂದು, ಹಸಿ ಕೆಸರಿಗೊಂದು ಕಂದು, ವಾರದ ಹಳೆಯ ಕೆಸರಿನ ಮೇಲೆ ಇವತ್ತಿನ ಹೊಸ ಕೆಸರು. ಸೊಸೆ ಮೂರೇ ಕೂದಲಿನ ಬ್ರಷ್ಷಿನಲ್ಲಿ ಅದನ್ನು ಕೂರಿಸುತ್ತಿದ್ದಳು. ಮಗ ಬುಧವಾರ ಡಬ್ಬಿಯಲ್ಲಿ ಲಿಫ್ಟಿನ ಹಗ್ಗದ ಹಳೆಯ ಗ್ರೀಸು ತಂದ. ಟ್ಯಾಂಕಿನ ಸರಪಳಿಗೆ ಸೊಸೆ ಅದನ್ನು ಸೂಜಿಮೊನೆಯಲ್ಲಿ ಮುಟ್ಟಿಸಿದಾಗ, ಅಂಗಡಿಯ ಕಪ್ಪು ಬಣ್ಣವೆಲ್ಲ ಅದರ ಮುಂದೆ ಪೆಚ್ಚಾಗಿ ಕಂಡಿತು.

ಅಡುಗೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಅದನ್ನೂ ನಿಂತುಕೊಂಡೇ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈ ಕೆಸರಾದ್ರೂ ಬಾಯಿಗೆ ಬರೀ ಬ್ರೆಡ್ಡು," ಅಂದ ಮಗ. ಮೊಸರು ಫ್ರಿಜ್ಜಿನಲ್ಲಿದೆ, ಬೇಕಾದರೆ ತೆಗೆದುಕೋ, ಮೇಜು ಮಾತ್ರ ಅಲ್ಲಾಡಿಸಬೇಡ ಅಂದಳು ಅವನ ಅಮ್ಮ. ಮಗ ಹೆಂಡತಿಯ ಮುಖ ನೋಡಿದ. ಇಬ್ಬರೂ ಮುಸಿಮುಸಿ ನಕ್ಕರು.

ಶುಕ್ರವಾರ ಹಗಲು, ಉಳಿದವರೆಲ್ಲ ಆಚೆ ಹೋಗಿದ್ದಾಗ, ಲಾಂಡ್ರಿಯಮ್ಮ ಮೊದಲ ಲಾರಿಯನ್ನು ಕೈಗೆತ್ತಿಕೊಂಡಳು. ಅವಳಿಗೆ ಒಂದು ವಿಷಯ ನೆನಪಿಗೆ ಬಂದಿತ್ತು. ಗಂಡ ಲಾರಿ ಓಡಿಸುವಾಗ ಬಲ ಮೊಣಕೈ ಸದಾ ಕಿಟಕಿಯ ಅಂಚಿನ ಮೇಲೆ. ಒಗೆಯುವಾಗ ಆ ತೋಳಿಗೆ ಒಂದು ಸುತ್ತು ಸೋಪು ಹೆಚ್ಚು ಬೇಕಾಗುತ್ತಿತ್ತು. ಅಲ್ಲಿ ಲಾರಿಯ ಬಾಗಿಲಿನ ಬಣ್ಣವೂ ಉಜ್ಜಿ ಉಜ್ಜಿ ಹೋಗಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಲಬಾಗಿಲಿನ ಕಿಟಕಿಯ ಅಂಚನ್ನು ಮೆಲ್ಲಗೆ ಉಜ್ಜಿದಳು. ಹಸಿರು ತೆಳುವಾಗಿ, ಅಡಿಯ ಬೂದುಬಣ್ಣ ಅಕ್ಕಿಕಾಳಿನಷ್ಟು ಕಂಡಿತು. ಅದು ಲಾರಿಗೆ ಜೀವ ಬಂದ ಹಾಗಿತ್ತು. ಯಾರಿಗೂ ಹೇಳಲಿಲ್ಲ. ಶನಿವಾರ ಸೊಸೆ ಬಾಲ್ಕನಿಯಲ್ಲಿ ಹದಿನಾಲ್ಕಕ್ಕೂ ವಾರ್ನಿಷ್ ಹೊಡೆದಳು. ಇನ್ನು ಸೋಪು ಹಾಕಿದರೂ ಹೋಗುವುದಿಲ್ಲ ಅಂತ ಅತ್ತೆಯನ್ನು ಛೇಡಿಸಿದಳು.

ಭಾನುವಾರ ನಾಲ್ವರೂ ಹೊರಟರು. ಗಾಡಿಗಳ ಪೆಟ್ಟಿಗೆಯನ್ನು ಲಾಂಡ್ರಿಯಮ್ಮ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಸೈಕಲ್ ಅಂಗಡಿಯ ಮಹಡಿ ಹತ್ತಿ ನೋಡಿದರೆ, ಮೇಜಿನ ಮೇಲೆ ನಿಜವಾಗಲೂ ಒಂದು ಊರಿತ್ತು. ಹೊಳೆಗೆ ಸೇತುವೆ, ಮನೆಗಳಿಗೆ ಹೊಗೆ ಕಟ್ಟಿದ ಚಿಮಣಿ, ಊರಿನತ್ತ ಅಂಕುಡೊಂಕಾದ ಕೆಸರುದಾರಿ.

ಮೇಷ್ಟ್ರು ಭೂತಗನ್ನಡಿ ತೆಗೆದರು. ಟ್ಯಾಂಕು ನೋಡಿದರು, ಸರಪಳಿ ಮೂಸಿ ನೋಡಿದರು. ಒಂದೊಂದೇ ಲಾರಿ ತಿರುಗಿಸಿ ನೋಡುತ್ತ, ಡೀಸೆಲ್ ಸೋರಿದ ಗುರುತಿನ ಹತ್ತಿರ ಬಂದಾಗ "ಆಹಾ" ಅಂದರು. ಸೊಸೆ ಸರಿಮಾಡಿಕೊಟ್ಟ ಹಲ್ಲೆಲ್ಲ ಕಾಣುವಷ್ಟು ನಕ್ಕರು. ಮೊದಲ ಲಾರಿಯನ್ನು ಕೊನೆಗೆ ತೆಗೆದುಕೊಂಡರು. ನಗು ನಿಂತಿತು.

"ಬಲಗಡೆ ಬಾಗಿಲು ಯಾಕೆ ಸವೆದಿದೆ?"

"ಡ್ರೈವರ್ ಮೊಣಕೈ ಇಡೋ ಜಾಗ," ಅಂದಳು ಲಾಂಡ್ರಿಯಮ್ಮ ಹಿಂದಿನಿಂದ. ಅವಳಿಗೆ ತಡೆಯಲಾಗಲಿಲ್ಲ.

ಮೇಷ್ಟ್ರು ಲಾರಿಯನ್ನು ಅವಳ ಕಡೆ ತಿರುಗಿಸಿ, ಭೂತಗನ್ನಡಿಯಲ್ಲಿ ಒಳಗೆ ತೋರಿಸಿದರು. "ತಾಯೀ, ಆ ದೇಶದ ಲಾರಿಗೆ ಸ್ಟೀರಿಂಗ್ ಎಡಕ್ಕೆ. ಇದು ಕ್ಲೀನರ್ ಸೀಟು. ಕ್ಲೀನರ್ ಆದವನು ಹತ್ತಿ ಇಳಿದು ಮಾಡ್ತಾನೆ, ಬಣ್ಣ ಸವೆಯೋವಷ್ಟು ಮೊಣಕೈ ಇಟ್ಟು ಕೂರಲ್ಲ."

ಲಾಂಡ್ರಿಯಮ್ಮ ಬಗ್ಗಿ ನೋಡಿದಳು, ಸ್ಟೀರಿಂಗ್ ಎಡಕ್ಕೇ ಇತ್ತು. ಗಂಡನ ಲಾರಿಯ ಸ್ಟೀರಿಂಗ್ ಬಲಕ್ಕಿತ್ತು. ಜಗತ್ತಿನ ಲಾರಿಗಳೆಲ್ಲ ಹಾಗೇ ಎಂದುಕೊಂಡಿದ್ದಳು. ಒಂದು ಸಲ ತೊಳೆದು ಕೆಡಿಸಿದ್ದಾಯಿತು, ಈಗ ಉಜ್ಜಿ ಕೆಡಿಸಿದೆನಲ್ಲ ಅನಿಸಿ ಸೊಸೆಯ ಮುಖ ನೋಡಲು ಧೈರ್ಯ ಸಾಲಲಿಲ್ಲ. ವಾರ್ನಿಷ್ ಬಿದ್ದಿದೆ, ಇನ್ನು ತಿದ್ದುವಂತಿಲ್ಲ. ಸೊಸೆ ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಯಜಮಾನರು ಮುಂದೆ ಬಂದರು.

"ಕೂರ್ತಾರೆ ಮೇಷ್ಟ್ರೇ. ನನ್ನ ಕ್ಲೀನರ್ ಕೂರ್ತಿದ್ದಳು."

"ಕೂರ್ತಿದ್ದಳು?"

"ಇವಳೇ. ಮದುವೆಯಾದ ಹೊಸದರಲ್ಲಿ ಮನೆ ಸಿಕ್ಕಿರಲಿಲ್ಲ. ಎಂಟು ತಿಂಗಳು ಲಾರೀಲೇ ಸಂಸಾರ. ಕಿಟಕಿಗೆ ಮೊಣಕೈ ಇಟ್ಟು ಕೂತಳು ಅಂದ್ರೆ ಊರು ಬರೋವರೆಗೂ ತೆಗೀತಿರಲಿಲ್ಲ. ಆ ಬಾಗಿಲಿನ ಬಣ್ಣ ಹೇಗೆ ಹೋಯ್ತು ಅಂತ ಮಾಲೀಕರು ನನ್ನ ಕೇಳಿದ್ರು. ನಾನು ಹೇಳಲಿಲ್ಲ."

ಲಾಂಡ್ರಿಯಮ್ಮ ಗಂಡನನ್ನೇ ನೋಡಿದಳು. ಅವರ ತೋಳಿನ ಕೊಳೆ ಅವಳಿಗೆ ಇಷ್ಟು ವರ್ಷ ನೆನಪಿತ್ತು. ತನ್ನ ಮೊಣಕೈಯ ಗುರುತು ಇನ್ನೊಬ್ಬರ ನೆನಪಿನಲ್ಲಿರಬಹುದು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಕಣ್ಣು ತುಂಬಿತು. ಆ ಹೊಗೆಚಿಮಣಿ ಎಷ್ಟು ಚೆನ್ನಾಗಿದೆ ಅಂತ ಮೇಜಿನ ಕಡೆ ತಿರುಗಿದಳು.

ಮೇಷ್ಟ್ರು ಭೂತಗನ್ನಡಿ ಮಡಚಿ ಜೇಬಿಗೆ ಹಾಕಿದರು. "ಪುಸ್ತಕದಲ್ಲಿ ಇದಿಲ್ಲ. ಆದರೆ ಸಾಕ್ಷಿ ಎದುರಿಗೇ ನಿಂತಿದ್ದಾರೆ. ಹೊರಡಲಿ ಲಾರಿ," ಅಂದರು.

ಲಾರಿ ಹೊರಟಿತು. ಹನ್ನೆರಡು ಸುತ್ತಿನೊಳಗೆ ಐದು ಲಾರಿ ಸೇತುವೆ ದಾಟಬೇಕು. ಎದುರು ಪಕ್ಷದ ಔಷಧಿ ಅಂಗಡಿಯವನು ಗುಡ್ಡದ ಹಿಂದೆ ತೋಪು ಇಟ್ಟುಕೊಂಡು ಕಾಯುತ್ತಿದ್ದ. ಕೆಸರಿನಲ್ಲಿ ಪ್ರತಿ ಗಾಡಿಗೂ ದಾಳ ಹಾಕಬೇಕು, ಒಂದು ಬಿದ್ದರೆ ಹೂತುಕೊಂಡಿತು. ನಾಲ್ಕನೆಯ ಸುತ್ತಿನಲ್ಲಿ ಎರಡು ಲಾರಿ ಹೂತವು. ಆರರಲ್ಲಿ ತೋಪಿಗೆ ಒಂದು ಟ್ಯಾಂಕು, ಒಂದು ಲಾರಿ ಹೋದವು. ಸೊಸೆ ತುಟಿ ಕಚ್ಚಿಕೊಂಡು, ಟೇಪು ಹಿಡಿದು, ಒಂದೊಂದು ಇಂಚಿಗೂ ಲೆಕ್ಕ ಹಾಕುತ್ತಿದ್ದಳು. ಮಗ ಉಗುರು ಕಚ್ಚಿ ಮುಗಿಸಿದ. ಹಲ್ಲು ಮಾಡುವ ಹುಡುಗಿ ಇಷ್ಟು ಗಟ್ಟಿಗಿತ್ತಿಯೇ ಅಂತ ಲಾಂಡ್ರಿಯಮ್ಮನಿಗೆ ಹೆಮ್ಮೆ ಉಕ್ಕಿತು. ಹನ್ನೊಂದನೆಯ ಸುತ್ತಿಗೆ ನಾಲ್ಕು ಲಾರಿ ಸೇತುವೆ ದಾಟಿದ್ದವು. ಐದನೆಯದಾಗಿ ಬರಬೇಕಿದ್ದ ಮೊದಲ ಲಾರಿ, ಉಳಿದ ಲಾರಿಗಳಿಗೆ ದಾರಿ ಬಿಟ್ಟುಕೊಟ್ಟು ಹಿಂದುಳಿದದ್ದು, ಸೇತುವೆಗೆ ಒಂದು ಗೇಣು ಇರುವಾಗ ಹೂತುಕೊಂಡಿತು.

ಕೊನೆಯ ಸುತ್ತು. ಐದೋ ಆರೋ ಬಿದ್ದರೆ ಲಾರಿ ಎದ್ದು ಸೇತುವೆ ದಾಟುತ್ತದೆ. ಸೊಸೆ ದಾಳವನ್ನು ಕೈಗೆತ್ತಿಕೊಂಡಳು, ಹಾಕಲಿಲ್ಲ.

"ಗಾಡಿ ಹೂತುಕೊಂಡರೆ ಇಳಿದು ತಳ್ಳೋದು ಯಾರು ಮಾವ?"

"ಕ್ಲೀನರ್," ಅಂದರು ಯಜಮಾನರು.

ಸೊಸೆ ದಾಳವನ್ನು ಅತ್ತೆಯ ಕೈಯಲ್ಲಿಟ್ಟಳು. ಲಾಂಡ್ರಿಯಮ್ಮ ಅಭ್ಯಾಸಬಲದಿಂದ ಅದನ್ನು ಕರವಸ್ತ್ರದಲ್ಲಿ ಒರೆಸಿದಳು, ಎಲ್ಲರೂ ನಕ್ಕರು. ನಗುವಿನ ನಡುವೆಯೇ ದಾಳ ಉರುಳಿ, ಹೊಳೆಯ ದಂಡೆಗೆ ತಾಗಿ, ಐದು ತೋರಿಸಿ ನಿಂತಿತು. ಮಹಡಿಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನಿಂದ ಸೈಕಲ್ ಅಂಗಡಿಯವನು ಓಡಿ ಬಂದ.

ಮುಂದಿನ ವಾರ ಊಟದ ಮೇಜಿನ ಅರ್ಧಕ್ಕೆ ಹಳೆ ಪೇಪರು ಹಾಸಿತ್ತು. ಹಾಸಿದವಳು ಲಾಂಡ್ರಿಯಮ್ಮ. ಉಳಿದರ್ಧದಲ್ಲಿ ಯಜಮಾನರೂ ಮಗನೂ ಬೇಯಿಸಿದ ಆಲೂಗಡ್ಡೆ ಸುಲಿದುಕೊಂಡು ತಿನ್ನುತ್ತಿದ್ದರು. ಪೇಪರಿನ ಮೇಲೆ ಸೊಸೆ, ಕಟ್ಟುಹಲ್ಲಿಗೆ ಬಳಸುವ ಮಿಶ್ರಣದಲ್ಲಿ ಮೆಂತ್ಯದ ಕಾಳಿನಷ್ಟು ಒಂದು ಹೆಂಗಸನ್ನು ಮಾಡಿ, ಮೊದಲ ಲಾರಿಯ ಬಲಗಿಟಕಿಯಲ್ಲಿ ಕೂರಿಸಿದ್ದಳು. ಮೊಣಕೈ ಆಚೆ ಚಾಚಿತ್ತು. ಬಣ್ಣ ಒಣಗಿದ ಮೇಲೆ ಅತ್ತೆಯ ಮುಂದಿಟ್ಟಳು.

ಲಾಂಡ್ರಿಯಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ತೋಳು ಇಷ್ಟು ಬೆಳ್ಳಗಿದ್ರೆ ಹೇಗೆ? ಆ ಲಾರೀಲಿ ಕೂತವಳ ತೋಳು ಹೀಗಿರಲ್ಲ," ಅಂದು ಕೈ ಚಾಚಿದಳು. "ಕೊಡು ಇಲ್ಲಿ, ಆ ಕಂದು."